ನಲವತ್ತೊಂದನೇ ಜೋಡಿ

ಸಾಗರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಸೈಕಲ್ ಅಂಗಡಿಯ ಮಹಡಿಯ ಮೇಲೆ ಮಂಜುನಾಥಪ್ಪನವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಬ್ಯಾಕೋಡು ಕಡೆಯ ಕೆರಿಯಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ, ಎಪ್ಪತ್ನಾಲ್ಕರಲ್ಲಿ ಲಾಂಚಿನಲ್ಲಿ ಹಿನ್ನೀರು ದಾಟಿ ಬಂದು ಅಲ್ಲಿ ಸೇರಿದಳು. ಟೈಪಿಂಗಿನ ಲೋಯರ್ ಪರೀಕ್ಷೆ ಪಾಸಾಯಿತು, ಹೈಯರ್ ಪಾಸಾಯಿತು. ಕಲಿಯಲು ಬಂದವಳು ಕಲಿಸುವವಳಾಗಿ ಅಲ್ಲೇ ಉಳಿದಳು.

ಅವು ಗೇಣಿದಾರರು ಭೂಮಿಗಾಗಿ ಟ್ರಿಬ್ಯೂನಲ್ಲಿಗೆ ಅರ್ಜಿ ಹಾಕುತ್ತಿದ್ದ ದಿನಗಳು. ಅರ್ಜಿ ಬೆರಳಚ್ಚು ಮಾಡಿಸಲು ಜನ ಮೆಟ್ಟಿಲ ಮೇಲೂ ಸಾಲು ನಿಲ್ಲುತ್ತಿದ್ದರು. ಅರ್ಜಿಗೆ ಬೇಕಾದದ್ದು ಹತ್ತು ಸಾಲು, ಅವರು ಹೇಳುತ್ತಿದ್ದದ್ದು ಮೂರು ತಲೆಮಾರಿನ ಕಥೆ. ಕೆರಿಯಮ್ಮ ಯಾರನ್ನೂ ನಡುವೆ ತಡೆದವಳಲ್ಲ. ಕಥೆ ಪೂರ್ತಿ ಕೇಳಿ, ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ ಮೇಲೆ, "ಸರ್ವೆ ನಂಬರ್ ಎಷ್ಟು?" ಎಂದು ಕೇಳುತ್ತಿದ್ದಳು. ಬೆಳಿಗ್ಗೆ ಗಣಪತಿ ಗುಡಿಗೆ ಒಂದು ಸುತ್ತು ಬಂದು, ಹಣೆಗೆ ಕುಂಕುಮವಿಟ್ಟುಕೊಂಡು ಮಹಡಿ ಹತ್ತಿದರೆ ಸಂಜೆಯವರೆಗೆ ಅವಳು ಕುರ್ಚಿ ಬಿಟ್ಟು ಏಳುತ್ತಿದ್ದದ್ದು ಊಟಕ್ಕೆ ಮಾತ್ರ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, ಹೆಣ್ಣು ಕೇಳಲು ಬಂದಾಗ ಟೈಪಿಂಗ್ ಪರೀಕ್ಷೆ ಇತ್ತು ಎಂದು ನಗುತ್ತಿದ್ದಳು.

ಎಂಬತ್ತಾರರಲ್ಲಿ ಮಂಜುನಾಥಪ್ಪನವರು ಶಿವಮೊಗ್ಗಕ್ಕೆ ಹೋಗಿ ಬಂದವರು ಒಂದು ಕಂಪ್ಯೂಟರ್ ತಂದರು. ದೊಡ್ಡ ಊರುಗಳಲ್ಲಿ ಇದರಿಂದಲೇ ಜಾತಕ ಹಾಕುತ್ತಾರಂತೆ, ಹುಡುಗ ಹುಡುಗಿಯ ಸಾಲಾವಳಿ ನೋಡುತ್ತಾರಂತೆ, ಮೂರು ನಿಮಿಷದ ಕೆಲಸವಂತೆ. ಯಂತ್ರವೇನೋ ಬಂತು, ಅದಕ್ಕೆ ಕಲಿಸುವವರು ಯಾರು? ಮಂಜುನಾಥಪ್ಪನವರು ಅದರ ಜೊತೆ ಬಂದಿದ್ದ ಪುಸ್ತಕವನ್ನು ಒಂದು ವಾರ ಮೇಜಿನ ಮೇಲಿಟ್ಟುಕೊಂಡು ಓಡಾಡಿ, ಎಂಟನೇ ದಿನ ಅದನ್ನು ಕೆರಿಯಮ್ಮನ ಮೇಜಿಗೆ ದಾಟಿಸಿದರು.

ಅವಳು ಇಂಗ್ಲಿಷ್-ಕನ್ನಡ ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದಳು. ಬೇಸಿಕ್ ಎಂಬ ಭಾಷೆ ಅದರದ್ದು. ನಾವು ಬರೆದ ಸಾಲುಗಳನ್ನು ಕಬ್ಬಿಣದ ಯಂತ್ರ ನೇರವಾಗಿ ಓದುವುದಿಲ್ಲ. ಅದರೊಳಗೆ ಕಣ್ಣಿಗೆ ಕಾಣದ ಇನ್ನೊಂದು ಯಂತ್ರವಿದ್ದಂತೆ, ಅದು ಒಂದೊಂದೇ ಸಾಲು ಓದಿ ನಡೆಸುತ್ತದೆ. ಇಷ್ಟು ತಿಳಿಯಲು ಒಂದು ತಿಂಗಳು ಹಿಡಿಯಿತು. ಪಕ್ಕದ ಬೀದಿಯ ಜೋಯಿಸರು ನಕ್ಷತ್ರ, ರಾಶಿ, ಗಣ, ನಾಡಿಗಳ ಪಟ್ಟಿಯನ್ನು ಬರೆದುಕೊಟ್ಟರು. ಇನ್ನೂ ಮೂರು ತಿಂಗಳಿಗೆ ಯಂತ್ರ ಮೂವತ್ತಾರು ಗುಣಗಳನ್ನು ಎಣಿಸಲು ಕಲಿಯಿತು. ಅಕ್ಷರ ಮಾತ್ರ ಇಂಗ್ಲಿಷಿನವು. ಪ್ರಿಂಟರ್ ಕರಕರ ಎಂದು ಕಾಗದ ಬಿಟ್ಟ ಮೇಲೆ ಕೆರಿಯಮ್ಮ ಅದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದಳು.

ಒಂದು ತೊಂದರೆಯಿತ್ತು. ನಾಲ್ಕೈದು ಜೋಡಿ ಆದೊಡನೆ ಯಂತ್ರ ಇದ್ದಕ್ಕಿದ್ದಂತೆ ಹತ್ತು ಸೆಕೆಂಡು ಸುಮ್ಮನಾಗಿಬಿಡುತ್ತಿತ್ತು. ಮಂಜುನಾಥಪ್ಪನವರಿಗೆ ಅದು ಹಿಡಿಸಲಿಲ್ಲ. ಬಂದವರ ಎದುರಿಗೆ ತೂಕಡಿಸುವ ಯಂತ್ರದಿಂದ ತಮ್ಮ ಮರ್ಯಾದೆ ಹೋಗುತ್ತದೆ ಎಂದರು.

ಕೆರಿಯಮ್ಮ ಪುಸ್ತಕದ ಹಿಂದಿನ ಪುಟಗಳಲ್ಲಿ ಕಾರಣ ಹುಡುಕಿದಳು. ಸಿಕ್ಕ ಇಂಗ್ಲಿಷ್ ಪದಕ್ಕೆ ನಿಘಂಟಿನಲ್ಲಿ ಕಸ ಎಂದು ಅರ್ಥವಿತ್ತು. ಯಂತ್ರ ಪ್ರತಿ ಸಲ ಒಂದು ಹೆಸರನ್ನೋ ಊರನ್ನೋ ತಿದ್ದಿ ಬರೆದಾಗ ಹಳೆಯದನ್ನು ಅಳಿಸುವುದಿಲ್ಲ, ಅಲ್ಲೇ ಬಿಟ್ಟು ಹೊಸ ಜಾಗದಲ್ಲಿ ಬರೆಯುತ್ತದೆ. ಜಾಗ ತುಂಬಿದಾಗ ಎಲ್ಲ ಕೆಲಸ ನಿಲ್ಲಿಸಿ, ಯಾವ ಮಾತು ಇನ್ನೂ ಬೇಕು, ಯಾವುದು ಬೇಡ ಎಂದು ನೋಡಿ, ಬೇಕಾದದ್ದನ್ನು ಒಂದು ಬದಿಗೆ ಸರಿಸಿ, ಉಳಿದದ್ದನ್ನು ಗುಡಿಸುತ್ತದೆ. ಮಾತುಗಳಿಗೆ ಎಷ್ಟು ಜಾಗ ಎಂಬುದನ್ನು ನಾವೇ ಮೊದಲ ಸಾಲಿನಲ್ಲಿ ಹೇಳಬಹುದು. ಅವಳು ಎರಡು ಸಾವಿರ ಅಕ್ಷರಗಳ ಜಾಗ ಕೊಟ್ಟಿದ್ದಳು. ಚಿಕ್ಕ ಅಡುಗೆಮನೆ ಬೇಗ ಕೊಳೆಯಾಗುತ್ತದೆ, ದೊಡ್ಡದಾದರೆ ಬಾಧೆಯಿಲ್ಲ ಎಂದುಕೊಂಡು, ಯುಗಾದಿ ಕಳೆದ ಮೊದಲ ಶನಿವಾರ ಎರಡು ಸಾವಿರವನ್ನು ಹದಿನೆಂಟು ಸಾವಿರ ಮಾಡಿದಳು.

ಜಾಗ ಸಿಕ್ಕಿತಲ್ಲ ಎಂದು ಇನ್ನೊಂದು ಕೆಲಸವನ್ನೂ ಮಾಡಿದಳು. ನಮ್ಮ ಕಡೆ ಜಾತಕವೆಂದರೆ ಬರೀ ಕಾಗದವಲ್ಲ. ದೇವರ ಮುಂದಿಟ್ಟು, ಮೂಲೆಗಳಿಗೆ ಅರಿಶಿನ ಹಚ್ಚಿ ತಂದಿರುತ್ತಾರೆ. ಸಂಬಂಧ ಕೂಡದಿದ್ದರೂ ಅದನ್ನು ಎಸೆಯುವಂತಿಲ್ಲ. ಇನ್ನೊಂದು ಕಡೆಯಿಂದ ಕೇಳಿ ಬರುವವರೆಗೆ ಪೆಟ್ಟಿಗೆಯಲ್ಲಿ ಜೋಪಾನ ಮಾಡಬೇಕು. ಒಂದು ಜೋಡಿ ಮುಗಿದ ಕೂಡಲೇ ಆ ಹೆಸರುಗಳನ್ನು ಯಂತ್ರದ ಕಸಕ್ಕೆ ಬಿಡುವುದು ಕೆರಿಯಮ್ಮನಿಗೆ ಮೊದಲಿನಿಂದಲೂ ಮನಸ್ಸಿಗೆ ಒಪ್ಪದ ಮಾತು. ಈಗ ದಿನವಿಡೀ ಬಂದವರ ಹೆಸರು, ಊರು, ನಕ್ಷತ್ರಗಳನ್ನೆಲ್ಲ ಯಂತ್ರದ ನೆನಪಿನಲ್ಲೇ ಉಳಿಸಿಕೊಂಡು, ಸಂಜೆ ಒಟ್ಟಿಗೆ ಅಚ್ಚು ಹಾಕಿ ತೆಗೆದಿಡುವಂತೆ ಬರೆದಳು.

ಭಾನುವಾರ ಬೆಳಿಗ್ಗೆಯಿಂದ ಯಂತ್ರ ಒಂದು ಸಲವೂ ನಿಲ್ಲಲಿಲ್ಲ. ಇಪ್ಪತ್ತು ಜೋಡಿ ಆಯಿತು, ಮೂವತ್ತಾಯಿತು. ಮಂಜುನಾಥಪ್ಪನವರು ಬಂದವರಿಗೆಲ್ಲ ಕಾಫಿ ತರಿಸಿದರು. ನಲವತ್ತು ಜೋಡಿ ಮುಗಿದಾಗ ಕಾಯುವ ಬೆಂಚಿನಲ್ಲಿ ಉಳಿದದ್ದು ಎರಡೇ ಕುಟುಂಬ, ಎರಡೂ ಒಂದೇ ಸಂಬಂಧದವು.

ಹುಡುಗನ ಕಡೆಯವರು ತೀರ್ಥಹಳ್ಳಿ ಆಚೆಯ ಮೇಗರವಳ್ಳಿಯ ರಂಗಮ್ಮ ಮತ್ತು ಆಕೆಯ ಗಂಡ ಜಟ್ಟಿಂಗಪ್ಪ. ಹುಡುಗ ಕನ್ನಪ್ಪ ತೀರ್ಥಹಳ್ಳಿಯ ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್. ಹುಡುಗಿ ಮಹಾಲಕ್ಷ್ಮೀ ಹೊಸನಗರದ ಹತ್ತಿರದ ಹಳ್ಳಿಯೊಂದರಲ್ಲಿ ಬಾಲವಾಡಿ ಟೀಚರು. ತಂದೆ ಬೆಳ್ಳಪ್ಪನ ಜೊತೆ ಬಂದಿದ್ದಳು. ಹುಡುಗ ಹುಡುಗಿ ಒಂದು ನಾಮಕರಣದ ಮನೆಯಲ್ಲಿ ಒಬ್ಬರನ್ನೊಬ್ಬರು ನೋಡಿ ಮೆಚ್ಚಿಕೊಂಡಿದ್ದರು. ರಂಗಮ್ಮನಿಗೂ ಹುಡುಗಿ ಹಿಡಿಸಿದ್ದಳು. ಜಾತಕ ಒಂದು ಕೂಡಿಬಂದರೆ ವೈಶಾಖದಲ್ಲೇ ಮುಗಿಸುವುದು ಎಂದು ಮಾತಾಗಿತ್ತು.

ಕೆರಿಯಮ್ಮ ಹುಡುಗನ ವಿವರ ಹೊಡೆದಳು. ಹುಡುಗಿಯ ಹೆಸರು ಹೊಡೆದು ಗುಂಡಿ ಒತ್ತಿದಳು. ಯಂತ್ರ ನಿಂತಿತು.

ಪರದೆಯ ಮೇಲೆ ಹಸಿರು ಚೌಕವೊಂದು ಮಿಟುಕುತ್ತಿತ್ತು. ಅದರ ಮೇಲೆ ಮಹಾಲಕ್ಷ್ಮೀ ಎಂಬ ಹೆಸರು, ಅಷ್ಟೆ. ಅರ್ಧ ನಿಮಿಷವಾಯಿತು, ಒಂದು ನಿಮಿಷವಾಯಿತು. ಬೆಂಚಿನ ಮೇಲಿದ್ದವರು ಎದ್ದು ಹತ್ತಿರ ಬಂದರು. ದೇವಿಯ ಗುಡಿಯಲ್ಲಿ ಪ್ರಸಾದ ಕೇಳುವಾಗ ಹೀಗೇ ನಿಲ್ಲುತ್ತಾರೆ. ದೇವಿಯ ಮುಡಿಯ ಹೂವು ಬಲಕ್ಕೆ ಬಿದ್ದರೆ ಆಯಿತು, ಎಡಕ್ಕೆ ಬಿದ್ದರೆ ಇಲ್ಲ, ಬಹಳ ಹೊತ್ತು ಬೀಳದೇ ಇದ್ದರೆ ದೇವಿಗೆ ಮನಸ್ಸಿಲ್ಲ. ರಂಗಮ್ಮ ಕೈ ಮುಗಿದುಕೊಂಡು ಪರದೆಯನ್ನೇ ನೋಡುತ್ತಿದ್ದರು. ಒಂದೂವರೆ ನಿಮಿಷಕ್ಕೆ ಪ್ರಿಂಟರ್ ಕರಕರ ಎಂದಿತು. ಮೂವತ್ತಾರರಲ್ಲಿ ಇಪ್ಪತ್ತನಾಲ್ಕು ಗುಣ, ಉತ್ತಮ ಹೊಂದಾಣಿಕೆ.

ಕೆರಿಯಮ್ಮ ಓದಿ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

"ಬೆಳಿಗ್ಗೆಯಿಂದ ಯಾರಿಗಾದ್ರೂ ನಿಂತಿತ್ತೇನಮ್ಮ?" ಎಂದು ರಂಗಮ್ಮ ಕೇಳಿದರು.

ಇಲ್ಲ ಎನ್ನಲೇಬೇಕಾಯಿತು. ರಂಗಮ್ಮ ಕಾಗದ ಮುಟ್ಟದೆ, ಚೀಲ ಎತ್ತಿಕೊಂಡು ಮೆಟ್ಟಿಲಿಳಿದರು. ಹಿಂದೆ ಜಟ್ಟಿಂಗಪ್ಪ ಚಪ್ಪಲಿ ಹುಡುಕುತ್ತಾ ಇಳಿದರು.

ಅವರು ಹೋದ ಮೇಲೆ ಮಂಜುನಾಥಪ್ಪನವರ ಮುಖದಲ್ಲಿ ಚಿಂತೆಯೇನೂ ಕಾಣಲಿಲ್ಲ. ಯಂತ್ರವೂ ಯೋಚನೆ ಮಾಡುತ್ತದೆ ಎಂದು ಜನ ನಾಲ್ಕು ಕಡೆ ಹೇಳಿದರೆ ಒಳ್ಳೆಯದೇ, ನೀನು ಬಾಯಿ ಬಿಡಬೇಡ ಎಂದರು. ಕೆರಿಯಮ್ಮನಿಗೆ ಆಗಲೇ ತನ್ನ ತಿದ್ದುಪಡಿಯ ಮೇಲೆ ಅನುಮಾನ ಹತ್ತಿತ್ತು.

ಮಂಗಳವಾರ ಬೆಳ್ಳಪ್ಪ ಮಗಳೊಂದಿಗೆ ಮತ್ತೆ ಬಂದ. ಮೇಗರವಳ್ಳಿಯಿಂದ ಬೇಡವೆಂದು ಹೇಳಿಕಳಿಸಿದ್ದರು. ಇದಕ್ಕೆ ಶಾಂತಿಯೋ ಹೋಮವೋ ಏನಾದರೂ ಉಂಟೇ ಎಂದು ಕೇಳುವುದು ಅವನ ಉದ್ದೇಶ. ಇದಕ್ಕೂ ಮೊದಲು ಎರಡು ಸಂಬಂಧ ಬೇರೆ ಬೇರೆ ಕಾರಣಕ್ಕೆ ತಪ್ಪಿದ್ದವು. ಈಗ ಯಂತ್ರವೇ ತಡೆಯಿತು ಎಂದು ಸುದ್ದಿಯಾದರೆ ನಾಲ್ಕನೆಯವರು ಮನೆ ಮೆಟ್ಟಿಲು ಹತ್ತುತ್ತಾರೆಯೇ ಎಂದು ಕುಗ್ಗಿಹೋಗಿದ್ದ. ಕೆರಿಯಮ್ಮ ಎಂದಿನಂತೆ ಪೂರ್ತಿ ಕೇಳಿದಳು. ಮಹಾಲಕ್ಷ್ಮೀ ಅಳಲಿಲ್ಲ. ಹೊರಡುವಾಗ ಮಾತ್ರ ಮೇಜಿನ ಮೇಲೆ ಉಳಿದಿದ್ದ ಆ ಕಾಗದ ನೋಡಿ ಕೇಳಿದಳು.

"ಅಕ್ಕ, ಇಪ್ಪತ್ನಾಲ್ಕು ಗುಣ ಬಂದಿದ್ದಕ್ಕಿಂತ ಒಂದೂವರೆ ನಿಮಿಷ ನಿಂತಿದ್ದೇ ದೊಡ್ಡದಾಯ್ತಾ?"

ಅವರನ್ನು ಬಸ್ಸಿಗೆ ಕಳಿಸಿ ಬಂದ ಕೆರಿಯಮ್ಮ ಭಾನುವಾರದ ಪಟ್ಟಿ ಎದುರಿಗಿಟ್ಟುಕೊಂಡು ನಲವತ್ತು ಜೋಡಿಗಳನ್ನೂ ಅದೇ ಕ್ರಮದಲ್ಲಿ ಮತ್ತೆ ಹೊಡೆದಳು. ನಲವತ್ತೊಂದನೆಯದಕ್ಕೆ ತನ್ನದೇ ಹೆಸರು ಕೊಟ್ಟಳು, ವರನ ಜಾಗದಲ್ಲಿ ಕೆಳಗಿನ ಸೈಕಲ್ ಅಂಗಡಿಯ ಹೆಸರು. ಯಂತ್ರ ನಿಂತಿತು. ಕೈಗಡಿಯಾರ ನೋಡಿದಳು: ತೊಂಬತ್ತೈದು ಸೆಕೆಂಡು.

ತಪ್ಪು ಎಲ್ಲಿದೆ ಎಂದು ಈಗ ತಿಳಿಯಿತು. ಜಾಗ ದೊಡ್ಡದು ಮಾಡಿದ್ದರಿಂದ ಗುಡಿಸುವ ಸರದಿ ಅಪರೂಪವಾಗಿತ್ತು, ನಿಜ. ಆದರೆ ಅಷ್ಟು ಹೊತ್ತಿಗೆ ಅವಳು ಜೋಪಾನ ಮಾಡಿಟ್ಟ ಎಂಬತ್ತು ಜನರ ಹೆಸರು, ಊರು, ನಕ್ಷತ್ರಗಳು ಒಳಗೆ ಪೇರಿಕೊಂಡಿದ್ದವು. ಯಂತ್ರ ಒಂದೊಂದು ಮಾತನ್ನು ಸರಿಸುವ ಮೊದಲೂ ಇಡೀ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡುತ್ತದೆ. ಅಟ್ಟದ ಮೇಲಿನ ಒಂದು ಪಾತ್ರೆ ಇಳಿಸಲು ಎಲ್ಲ ಪಾತ್ರೆ ಮುಟ್ಟಿ ನೋಡಿ, ಎರಡನೆಯದಕ್ಕೆ ಮತ್ತೆ ಎಲ್ಲವನ್ನೂ ಮುಟ್ಟುವವರ ಹಾಗೆ. ಮೊದಲಾಗಿದ್ದರೆ ಹತ್ತು ಮನೆಯವರು ಹತ್ತು ಹತ್ತು ಸೆಕೆಂಡು ಕಾಯುತ್ತಿದ್ದರು, ಯಾರಿಗೂ ನೆನಪಿರುತ್ತಿರಲಿಲ್ಲ. ಅವಳ ತಿದ್ದುಪಡಿ ಆ ಕಾಯುವಿಕೆಯನ್ನೆಲ್ಲ ಕೂಡಿಸಿ ಒಬ್ಬ ಹುಡುಗಿಯ ತಲೆಯ ಮೇಲೆ ಹೊರಿಸಿತ್ತು.

ಮಾರನೆಯ ದಿನ ಬೆಳಗಾಗುತ್ತಲೇ ರಜೆ ಕೇಳಲು ಹೋದ ಅವಳು ಮಂಜುನಾಥಪ್ಪನವರಿಗೆ ಹಲ್ಲುನೋವೆಂದು ಹೇಳಲಿಲ್ಲ, ನೆಂಟರ ಮನೆಯೆಂದೂ ಹೇಳಲಿಲ್ಲ. ಮೇಗರವಳ್ಳಿಗೆ ಹೋಗಿ ಬರುತ್ತೇನೆ ಎಂದಳು. ಅವರಿಗೆ ಅರ್ಥವಾಯಿತು.

"ಅಂಗಡಿ ಮುಚ್ಚಿಸ್ತೀಯ ನೀನು" ಎಂದರು.

"ಹುಡುಗಿ ಮನೇಲಿ ಕೂತ್ಕೊಂಡ್ರೆ ನಾನು ಗಣಪತಿ ಎದುರಿಗೆ ನಿಲ್ಲೋದು ಹೆಂಗೆ ಸಾರ್" ಎಂದಳು ಕೆರಿಯಮ್ಮ. ಹನ್ನೆರಡು ವರ್ಷದಲ್ಲಿ ಅವಳು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಮಂಜುನಾಥಪ್ಪನವರು ಕೆಮ್ಮಿ, ಮೊದಲ ಬಸ್ಸಿಗೇ ಹೋಗಲು ಹೇಳಿದರು.

ಹೊಸನಗರ ದಾಟಿ, ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ ಮೇಗರವಳ್ಳಿ ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ರಂಗಮ್ಮ ಅಂಗಳದಲ್ಲಿ ಹಲಸಿನ ಹಪ್ಪಳ ಒತ್ತುತ್ತಿದ್ದರು. ಬಂದವಳಿಗೆ ನೀರು ಬೆಲ್ಲ ಕೊಟ್ಟರು, ಬಂದ ಕಾರಣ ಮಾತ್ರ ಕೇಳಲಿಲ್ಲ. ಕೆರಿಯಮ್ಮ ಅವರ ಪಕ್ಕ ಕೂತು ಹಿಟ್ಟಿನ ಉಂಡೆ ಕಟ್ಟಿಕೊಡುತ್ತಾ ಎಲ್ಲವನ್ನೂ ಹೇಳಿದಳು. ದೋಷ ಹುಡುಗಿಯದಲ್ಲ, ದೇವರ ಸೂಚನೆಯೂ ಅಲ್ಲ. ನಾನು ಹಿಂದಿನ ದಿನ ಒಂದು ಸಂಖ್ಯೆ ಬದಲಿಸಿದ್ದೆ. ಯಂತ್ರ ಆಗ ಕಸ ಗುಡಿಸುತ್ತಿತ್ತು.

ರಂಗಮ್ಮ ಹಪ್ಪಳದ ಮಣೆಯಿಂದ ಕಣ್ಣೆತ್ತಿದರು.

"ನೆಂಟರು ಬಂದು ಕೂತಿರುವಾಗ ಎದುರಿಗೇ ಪೊರಕೆ ಹಿಡೀತದಾ ನಿಮ್ಮ ಮಿಷನ್ನು? ಯಾರು ಮಾರಾಯ್ತಿ ಅದನ್ನ ಬೆಳೆಸಿದ್ದು?"

"ನಾನೇ ಅಮ್ಮ."

ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಜಟ್ಟಿಂಗಪ್ಪ ನಗು ತಡೆಯಲಾಗದೆ ಎದ್ದು ಹಿತ್ತಿಲ ಕಡೆ ಹೋದರು. ರಂಗಮ್ಮ ನಗಲಿಲ್ಲ. ಸೊಸೆಯಾಗಿ ಬರುವವಳ ವಿಷಯ, ಯಾರೋ ಬಂದು ತಪ್ಪು ನನ್ನದು ಅಂದ ಮಾತ್ರಕ್ಕೆ ಹೇಗೆ ನಂಬುವುದು, ಬೆಳ್ಳಪ್ಪನೇ ಕಳಿಸಿದ್ದರೆ? ಇಷ್ಟನ್ನೂ ಅವರು ಮುಖದ ಮೇಲೆಯೇ ಕೇಳಿದರು. ಕೆರಿಯಮ್ಮ ಆಣೆ ಹಾಕಲಿಲ್ಲ. ನಾಳೆ ಗುರುವಾರ ನೀವೇ ಬನ್ನಿ, ನಲವತ್ತೊಂದನೇ ಸರದಿಗೆ ಯಾರ ಹೆಸರು ಕೊಟ್ಟರೂ ನಿಲ್ಲುತ್ತದೆ, ಯಾರದ್ದೆಂದು ಆರಿಸುವುದು ನಿಮಗೆ ಬಿಟ್ಟದ್ದು ಎಂದಳು. ಹಪ್ಪಳ ಮುಗಿಯುವವರೆಗೂ ಉಂಡೆ ಕಟ್ಟಿಕೊಟ್ಟು ಸಂಜೆಯ ಬಸ್ಸು ಹಿಡಿದಳು.

ಗುರುವಾರ ಅವರು ಬರುತ್ತಾರೆಂಬ ಭರವಸೆಯಿರಲಿಲ್ಲ. ಆದರೂ ಅವಳು ಬೆಳಿಗ್ಗೆ ಆರಕ್ಕೇ ಬಂದು ನಲವತ್ತು ಜೋಡಿ ಹೊಡೆದು ಮುಗಿಸಿದ್ದಳು. ಹನ್ನೊಂದರ ಹೊತ್ತಿಗೆ ಮೆಟ್ಟಿಲ ಮೇಲೆ ಜಟ್ಟಿಂಗಪ್ಪನ ಕೆಮ್ಮು ಕೇಳಿಸಿತು. ಅಂದು ಸಾಲಾವಳಿಗೆ ಬಂದ ಏಳೆಂಟು ಜನ ಬೆಂಚಿನಲ್ಲಿದ್ದರು. ಮಂಜುನಾಥಪ್ಪನವರು ಅವರನ್ನು ಕಾಫಿಗೆಂದು ಕೆಳಗೆ ಕರೆದೊಯ್ಯಲು ಒಂದು ಪ್ರಯತ್ನ ಮಾಡಿದರು, ಯಾರೂ ಏಳಲಿಲ್ಲ.

ಯಾರ ಹೆಸರು ಕೊಡಲಿ ಎಂದು ಕೆರಿಯಮ್ಮ ಕೇಳಿದಳು. ರಂಗಮ್ಮ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದರು.

"ನನ್ನದು, ಇವರದ್ದು."

ಗಂಡನ ನಕ್ಷತ್ರ ಅವರಿಗೆ ಬಾಯಿಪಾಠವಿತ್ತು. ತಮ್ಮದನ್ನು ಎರಡು ಸಲ ನೆನಪಿಸಿಕೊಂಡು ಹೇಳಿದರು. ಕೆರಿಯಮ್ಮ ಹೊಡೆದಳು, ಗುಂಡಿ ಒತ್ತಿದಳು, ಕೈಗಡಿಯಾರ ಬಿಚ್ಚಿ ಅವರ ಎದುರಿಗಿಟ್ಟಳು. ಯಂತ್ರ ನಿಂತಿತು. ಹಸಿರು ಚೌಕ ರಂಗಮ್ಮನ ಹೆಸರಿನ ಕೆಳಗೆ ಮಿಟುಕತೊಡಗಿತು. ಒಂದು ನಿಮಿಷ ಕಳೆಯಿತು.

"ಮೂವತ್ತೊಂದು ವರ್ಷ ಆಯ್ತು" ಎಂದರು ಜಟ್ಟಿಂಗಪ್ಪ ಬೆಂಚಿನವರ ಕಡೆ ತಿರುಗಿ. "ಇವಳ ಬಾಯಿಂದ ಹೂಂ ಅನ್ನೋದು ಬರಕ್ಕೆ ನಾನೂ ಹಿಂಗೇ ಕಾಯ್ತಾ ಇದೀನಿ."

ಬೆಂಚು ನಕ್ಕಿತು. ತೊಂಬತ್ತಾರು ಸೆಕೆಂಡಿಗೆ ಪ್ರಿಂಟರ್ ಹೊರಟಿತು. ಕೆರಿಯಮ್ಮ ಕಾಗದ ನೋಡಿ ಓದಲು ಹಿಂಜರಿದಳು. ಓದು ಎಂದು ರಂಗಮ್ಮ ಒತ್ತಾಯಿಸಿದರು. ಮೂವತ್ತಾರರಲ್ಲಿ ಹದಿಮೂರು ಗುಣ. ಈ ಸಂಬಂಧ ಕೂಡದು.

ಜೋಯಿಸರ ಪಟ್ಟಿಯಲ್ಲಿ ಎಲ್ಲೋ ತನ್ನ ಬೆರಳು ತಪ್ಪಿರಬೇಕು ಎಂದು ಕೆರಿಯಮ್ಮ ಸಾಲುಗಳನ್ನು ನೋಡತೊಡಗಿದಳು. ರಂಗಮ್ಮ ಕಾಗದ ಕೈಗೆ ತೆಗೆದುಕೊಂಡು, ಓದಲು ಬಾರದ ಆ ಇಂಗ್ಲಿಷ್ ಅಕ್ಷರಗಳನ್ನು ದೂರ ಹಿಡಿದು ನೋಡಿದರು. ಅವರ ಭುಜ ಅಲುಗುವುದನ್ನು ಕಂಡು ಅಳುತ್ತಿದ್ದಾರೆಂದೇ ಕೆರಿಯಮ್ಮ ತಿಳಿದಳು. ನಗುತ್ತಿದ್ದರು.

"ನಮ್ಮಪ್ಪ ಇದನ್ನ ನೋಡಿದ್ರೆ ನನ್ನ ಐದು ಮಕ್ಕಳು ಎಲ್ಲಿಂದ ಬರೋರು" ಎಂದರು.

ಆಮೇಲೆ ಕೆರಿಯಮ್ಮ ಹೊಸದಾಗಿ ಬರೆದದ್ದನ್ನು ಯಂತ್ರಕ್ಕೆ ಹಾಕಿದಳು. ಬುಧವಾರ ಬಸ್ಸಿನಲ್ಲಿ ಕೂತು ಹಳೆಯ ಟೈಪಿಂಗ್ ಪುಸ್ತಕದ ಹಿಂದೆ ಲೆಕ್ಕ ಹಾಕಿಕೊಂಡದ್ದು. ಹದಿನೆಂಟು ಸಾವಿರ ಬೇಡ, ಆರು ಸಾವಿರ ಸಾಕು. ಜೋಡಿ ಮುಗಿದ ಕೂಡಲೇ ಹೆಸರುಗಳು ಫ್ಲಾಪಿಗೆ ಹೋಗಿ ಭದ್ರವಾಗುತ್ತವೆ, ನೆನಪಿನಲ್ಲಿ ಪೇರಿಕೊಳ್ಳುವುದಿಲ್ಲ. ಗುಡಿಸು ಎಂದು ನಾವೇ ಹೇಳಬಹುದಾದ ಒಂದು ಆಜ್ಞೆ ಆ ಭಾಷೆಯಲ್ಲಿದೆ. ಅದನ್ನು ಅವಳು ಒಂದು ಮನೆಯವರು ಕಾಗದ ಮಡಿಸಿಕೊಂಡು ಎದ್ದು, ಇನ್ನೊಂದು ಮನೆಯವರು ಬಂದು ಕೂರುವ ನಡುವಿನ ಹೊತ್ತಿಗೆ ಇಟ್ಟಿದ್ದಳು. ಮೂರೇ ಸೆಕೆಂಡು, ಯಾರ ಹೆಸರೂ ಪರದೆಯ ಮೇಲಿಲ್ಲದಾಗ.

ಹುಡುಗ ಕನ್ನಪ್ಪ, ಹುಡುಗಿ ಮಹಾಲಕ್ಷ್ಮೀ ಎಂದು ಹೊಡೆದಳು. ಗುಂಡಿಯಿಂದ ಬೆರಳು ತೆಗೆಯುವುದರೊಳಗೆ ಪ್ರಿಂಟರ್ ಶುರುವಾಯಿತು. ಇಪ್ಪತ್ತನಾಲ್ಕು. ರಂಗಮ್ಮ ಈ ಕಾಗದವನ್ನು ಅಷ್ಟಾಗಿ ನೋಡಲಿಲ್ಲ. ಹೊಸನಗರದ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು. ಬೆಳ್ಳಪ್ಪನ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಜಟ್ಟಿಂಗಪ್ಪ ತಕರಾರು ತೆಗೆದಾಗ, ಹೂವು ಹಣ್ಣು ಕೆಳಗೇ ಸಿಗುತ್ತದೆ, ಮಾತು ಮುರಿದವಳು ನಾನು, ಕಟ್ಟಬೇಕಾದವಳೂ ನಾನೇ ಎಂದು ಅವರನ್ನು ಎಬ್ಬಿಸಿದರು.

ಮಂಜುನಾಥಪ್ಪನವರ ಅಂಗಡಿ ಮುಚ್ಚಲಿಲ್ಲ. ಮುಂದಿನ ಭಾನುವಾರ ಹತ್ತು ಹದಿನೈದು ವರ್ಷ ಸಂಸಾರ ಮಾಡಿದವರೆಲ್ಲ ತಮಗೆಷ್ಟು ಗುಣ ಎಂದು ತಿಳಿಯಲು ಬಂದು ಕೂತರು. ಕಡಿಮೆ ಬಂದವರೇ ಹೆಚ್ಚು ಜೋರಾಗಿ ನಗುತ್ತಾ ಇಳಿದು ಹೋದರು.

ವೈಶಾಖದಲ್ಲಿ ಹೊಸನಗರದಲ್ಲಿ ಮದುವೆಯಾಯಿತು. ಕೆರಿಯಮ್ಮ ಹೋಗಿ ಹಿಂದಿನ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದಳು. ರಂಗಮ್ಮ ಹುಡುಕಿಕೊಂಡು ಬಂದು, ಕೈಹಿಡಿದು ಎಬ್ಬಿಸಿ, ತಮ್ಮ ಅಕ್ಕತಂಗಿಯರ ನಡುವೆ ಕೂರಿಸಿದರು. ಇವಳು ಯಾರು ಎಂದು ಒಬ್ಬಾಕೆ ಕೇಳಿದರು.

"ತಪ್ಪು ಮಾಡಿ, ಎರಡು ಬಸ್ಸು ಹತ್ತಿ ಬಂದು, ಹಪ್ಪಳದ ಉಂಡೆ ಕಟ್ಟಿಕೊಟ್ಟು ಒಪ್ಪಿಕೊಂಡೋಳು" ಎಂದರು ರಂಗಮ್ಮ. "ಅಂಥೋರು ನಮ್ಮ ಕಡೆ ಎಷ್ಟು ಜನ ಅದಾರೆ, ಹೇಳು?"

ಹೇಳಿ, ಬಡಿಸುವವನನ್ನು ಕರೆದು ಅವಳ ಎಲೆಗೆ ಇನ್ನೆರಡು ಹೋಳಿಗೆ ಹಾಕಿಸಿದರು. ಕೆರಿಯಮ್ಮ ಬೇಡವೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದಿದ್ದಳು. ಧಾರೆ ಸೀರೆಯಲ್ಲಿ ಬೆವರುತ್ತಾ ಪಂಕ್ತಿಯ ಆ ತುದಿಯಲ್ಲಿ ತುಪ್ಪ ಬಡಿಸುತ್ತಿದ್ದ ಮಹಾಲಕ್ಷ್ಮೀ ಅವಳನ್ನು ಕಂಡು, ನಡುವಿನ ಎಲೆಗಳನ್ನೆಲ್ಲ ಬಿಟ್ಟು ನೇರ ಇತ್ತ ನಡೆದು ಬಂದಳು.